ಮುದ್ದೆ ನುಂಗುವ ಮೊಸಳೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಗುತ್ತ ನಗುತ್ತ ನನ್ನ ಪರ ವಾಲಿದರೆ ಕಷ್ಟ. ಹೊಸದಾಗಿ ಮನೆಗೆ ಬಂದ ಅಣ್ಣನ ಹೆಂಡತಿಯನ್ನು ನಾನು ಊಟದ ತಾಟಿನ ಮುಂದೆಯೇ ಮೊಸಳೆ ಮಾಡಿದೆ.

ನಮ್ಮದು ಕೃಷ್ಣೆಯ ದಂಡೆಯ ತಂಗಡಗಿ. ಯಾರು ಹೇಗೆ ತಿನ್ನುತ್ತಾರೆಂದು ಮಾಡಿ ತೋರಿಸುವುದೇ ನನ್ನ ಕಸುಬು. ಇಂಡಿ ಊರಿನ ಸೋದರಮಾವ ಬೇಳೆಗೂ ಪಲ್ಯಕ್ಕೂ ತಮ್ಮ ಗಿಡದ ಲಿಂಬೆ ಹಿಂಡಿ ಒಂದು ಕಣ್ಣು ಮುಚ್ಚುವುದು, ಸಿಂದಗಿಯ ಅತ್ತೆ "ಸಾಕವಾ, ಸಾಕು" ಎನ್ನುತ್ತಲೇ ಶೇಂಗಾ ಚಟ್ನಿಯ ಡಬ್ಬಿ ಎಳೆದುಕೊಳ್ಳುವುದು, ನಮ್ಮ ಎಮ್ಮೆ ಮೆಲುಕು ಹಾಕುತ್ತ ಲೋಕವನ್ನೇ ತಾತ್ಸಾರದಿಂದ ನೋಡುವುದು, ಜಾಲಿಯ ಮುಳ್ಳಿನ ನಡುವಿಂದ ಆಡು ಎಲೆಯನ್ನಷ್ಟೇ ತುಟಿಯಲ್ಲಿ ಬಿಡಿಸುವುದು, ಎಲ್ಲ ನನ್ನ ಮುಖದಲ್ಲಿವೆ. ನನ್ನ ಊಟವನ್ನು ಮಾತ್ರ ಅವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಾಳೆ: "ನಿನಗಿಂತ ಆಡು ಛಲೋ, ಮುಳ್ಳರೆ ಬಿಡತೈತಿ."

ವೈನಿ ಮಂಡ್ಯದ ಕಡೆಯವರು. ಅಣ್ಣ ಅಲ್ಲಿ ಕೆಲಸಕ್ಕಿದ್ದಾಗ ಮೆಚ್ಚಿ ಮದುವೆಯಾದ. ಬಂದ ಹೊಸದರಲ್ಲೇ ವೈನಿ ತವರಿನ ಹಿಟ್ಟಿನಲ್ಲಿ ರಾಗಿಮುದ್ದೆ ಮಾಡಿದರು. ನಾವು ಜೋಳದ ರೊಟ್ಟಿಯ ಜನ, ಬಾಯಿಗೆ ಬಿದ್ದದ್ದನ್ನು ಅಗಿಯದೆ ಬಿಟ್ಟು ಗೊತ್ತಿಲ್ಲ. ನಾನು ಅಗಿದೆ. ಮುದ್ದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಬೆಸುಗೆ ಹಾಕಿತು.

"ಅಗೀಬಾರ್ದು ಕಣಪ್ಪ, ಸಾರಲ್ಲಿ ಅದ್ದಿ ನುಂಗ್ಬುಡ್ಬೇಕು" ಎಂದು ವೈನಿ ಒಂದು ತುತ್ತು ಮುರಿದು ನುಂಗಿ ತೋರಿಸಿದರು.

ನನಗೆ ಅಷ್ಟು ಸಾಕಾಯಿತು. ಟವೆಲ್ಲನ್ನು ಬಾಲ ಮಾಡಿಕೊಂಡು ನೆಲದ ಮೇಲೆ ಬೋರಲು ಬಿದ್ದೆ. ಬಾಯಿ ಅಗಲಿಸಿ ಗಂಟಲನ್ನು ಗುಳಕ್ಕೆಂದು ಏರಿಳಿಸಿದೆ. "ನೋಡ್ರಿಪಾ, ಹೊಳ್ಯಾಗಿನ ಮೊಸಳಿ! ಅಗಿಯೂದಿಲ್ಲ, ಬರೇ ನುಂಗೂದ!"

ಅಣ್ಣನಿಗೆ ಸಾರು ನೆತ್ತಿಗೇರಿತು. ಅವ್ವ ಸೆರಗು ಬಾಯಿಗಿಟ್ಟಳು. ವೈನಿಯೂ ನಕ್ಕರು.

ಮರುದಿನದಿಂದ ವೈನಿ ರೊಟ್ಟಿ ತಿನ್ನತೊಡಗಿದರು. ಚೂರು ಚೂರಾಗಿ ಮುರಿದು, ನಡುನಡುವೆ ದವಡೆ ಒತ್ತಿಕೊಳ್ಳುತ್ತ. ಉಳಿದ ರಾಗಿ ಹಿಟ್ಟಿಗೆ ಹುಳ ಬಿತ್ತು, ಅವ್ವ ಅದನ್ನು ಎಮ್ಮೆಗೆ ಕಲಸಿಟ್ಟಳು. "ನಮ್ಮ ವೈನಿ ಈಗ ಪಕ್ಕಾ ರೊಟ್ಟಿಯವರು" ಎಂದು ಮುದ್ದೇಬಿಹಾಳದ ಗೆಳೆಯರ ಮುಂದೆ ನಾನು ಜಂಬ ಕೊಚ್ಚಿದೆ. ಕಲಿಸಿದ ಮಾಸ್ತರ ನಾನೇ ಎಂಬಂತೆ!

ಕಳೆದ ಚಳಿಗಾಲದಲ್ಲಿ ವೈನಿಯ ಅಪ್ಪ ಮಗಳನ್ನು ನೋಡಲು ಬಂದರು. ಕೈಯಲ್ಲಿ ರಾಗಿ ಹಿಟ್ಟಿನ ಚೀಲವಿತ್ತು, ಬಾಯಲ್ಲಿ ಹಲ್ಲು ಅಷ್ಟಕ್ಕಷ್ಟೆ. ಆದರೂ ವೈನಿ ಅವರ ತಾಟಿಗೆ ರೊಟ್ಟಿಯನ್ನೇ ಹಾಕಿದರು. ಅವರು ಒಂದೊಂದೇ ಚೂರನ್ನು ಬೇಳೆಯಲ್ಲಿ ಮುಳುಗಿಸಿ, ಅದು ಮೆತ್ತಗಾಗುವವರೆಗೆ ಕಾಯುತ್ತಿದ್ದರು.

"ಮುದ್ದೆ ಇಲ್ವೇನವ್ವ?" ಎಂದರು ಮೆಲ್ಲಗೆ.

"ಇಲ್ಲಿ ಎಲ್ರೂ ರೊಟ್ಟೀನೇ ಉಣ್ಣದು."

ಅವ್ವ ತಡೆಯಲಾರದೆ, "ಅಯ್ಯ, ಬೀಗರಿಗೆ ಮುದ್ದಿ ಮಾಡಬಾರದೇನವಾ? ಹಿಟ್ಟು ಅವರ ತಂದಾರಲ್ಲ!" ಎಂದಳು. "ನಾಳೆ ಮಾಡ್ತೀನಿ ಬುಡಿ ಅತ್ತೆ" ಎಂದರು ವೈನಿ. ಆ ನಾಳೆ ಬರಲಿಲ್ಲ. ಆ ಹಿರಿಯರು ಇದ್ದಷ್ಟು ದಿನವೂ ನೆನೆದ ರೊಟ್ಟಿ ಉಂಡರು, ಅರೆಹೊಟ್ಟೆಯಲ್ಲೇ ಊರಿಗೆ ಹೋದರು. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಅವರು ಹೊರಡುವ ಹಿಂದಿನ ದಿನ ನಾನು ಅಡುಗೆಮನೆಗೆ ಹೋಗಿದ್ದೆ. ಚೀಲದ ಬಾಯಿ ಇನ್ನೂ ಬಿಚ್ಚಿರಲಿಲ್ಲ. ವೈನಿ ರೊಟ್ಟಿ ಬಡಿಯುತ್ತಿದ್ದರು.

"ವೈನಿ, ಇವತ್ತರೆ ಮುದ್ದಿ ಮಾಡ್ರಿ. ಬೇಕಾದ್ರ ಊಟದ ಹೊತ್ತಿಗೆ ನಾ ಬಾಗೇವಾಡಿಗೆ ಹೋಗಿಬಿಡ್ತೇನಿ. ನನ್ನ ಮ್ಯಾಲ ಸಿಟ್ಟೇನ್ರಿ? ಅವತ್ತ ನೀವೂ ನಕ್ಕಿದ್ರಲ್ಲ?"

ಅವರು ತಿರುಗಿ ನೋಡಲಿಲ್ಲ. ಬಡಿಯುವ ಕೈ ಮಾತ್ರ ನಿಂತಿತು.

"ನನ್ನ ಆಡ್ಕೊಂಡ್ರೆ ನಾನೂ ನಕ್ಕಂಡು ಸುಮ್ನಾಯ್ತೀನಿ ಕಣಪ್ಪ. ನಮ್ಮಪ್ಪನ್ನ ಆಡ್ಕೊಂಡ್ರೆ ನಂಗೆ ನಗಕ್ಕಾಗಕಿಲ್ಲ."