ಒಂದೇ ಜಹಾಜಿನವರು

ನನ್ನ ಲಗ್ನಕ್ಕೆ ಅಡ್ಡ ಬಂದವನು ಒಬ್ಬ ಬಿಳಿ ಕಪ್ತಾನ ಎಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಅವನು ನಾನು ಹುಟ್ಟುವ ಎಷ್ಟೋ ಮೊದಲೇ ಸತ್ತು ಮಣ್ಣಾಗಿರಬೇಕು. ಅವನ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಆ ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಚಿಮಣಿ ಎಣ್ಣೆಯೂ ಸಿಗದ ಕಾಲದಲ್ಲಿ, ನಮ್ಮೂರು ನಿಂಬರ್ಗಾದಿಂದ ಜೇವರ್ಗಿ ಸೀಮೆಯವರೆಗೆ ನಾನೂ ಅಪ್ಪನೂ ಅವನ ಜಾಡು ಹುಡುಕಿಕೊಂಡು ಅಲೆದೆವು.

ಮೊದಲು ನನ್ನ ಅಜ್ಜನ ಕಥೆ ಹೇಳಬೇಕು. ದೊಡ್ಡ ಬರ ಬಿದ್ದಾಗ ಅಜ್ಜ ಹರೆಯದವನು. ಕೂಲಿ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋದವನನ್ನು ದಲಾಲಿಯೊಬ್ಬ ಹೊಟ್ಟೆ ತುಂಬ ಅನ್ನದ ಆಸೆ ತೋರಿಸಿ ರೈಲು ಹತ್ತಿಸಿ ಮದ್ರಾಸಿಗೆ ಒಯ್ದ. ಅಲ್ಲಿಂದ ಹಾಯಿ ಜಹಾಜು. ಒಂದಲ್ಲ, ಎರಡು ಸಮುದ್ರ ದಾಟಿ, ಭೂಮಿಯ ಇನ್ನೊಂದು ಮಗ್ಗುಲಿನ ಕಬ್ಬಿನ ದ್ವೀಪಕ್ಕೆ. ನಮ್ಮ ಕಡೆ ಅದಕ್ಕೆ ಬರೀ 'ಟಾಪು' ಎನ್ನುತ್ತಿದ್ದರು. ಕರಾರು ಮುಗಿಸಿ ತಿರುಗಿ ಬಂದವರು ಕಡಿಮೆ. ಬಂದವರನ್ನೂ ಊರು ಸುಲಭಕ್ಕೆ ಒಳಗೆ ಕರೆದುಕೊಳ್ಳಲಿಲ್ಲ. ಯಾರ ಕೈಯಲ್ಲಿ ಏನು ಉಂಡರೋ ಎಂದು ಮೂಗು ಮುರಿಯಿತು. ಹೀಗಾಗಿ ಟಾಪಿನಿಂದ ಬಂದ ಮನೆತನಗಳು ತಮ್ಮಷ್ಟಕ್ಕೆ ಒಂದು ಬಳಗವಾದವು. ಹೆಣ್ಣು ಕೊಡುವುದು, ತರುವುದು ಎಲ್ಲ ಆ ಬಳಗದಲ್ಲೇ.

ಅದಕ್ಕೊಂದು ಕಟ್ಟಳೆ ಇತ್ತು. ಒಂದೇ ಜಹಾಜಿನಲ್ಲಿ ಹೋದವರು ಒಡಹುಟ್ಟಿದವರು. ಅವರ ಮಕ್ಕಳು, ಮೊಮ್ಮಕ್ಕಳು ಅಣ್ಣ ತಂಗಿ. ಅವರ ನಡುವೆ ಲಗ್ನದ ಮಾತೆತ್ತಿದರೆ ನಾಲಿಗೆಗೆ ಹುಳ ಬೀಳುತ್ತದೆ ಎನ್ನುವಷ್ಟು ಗಟ್ಟಿ. ಬೇರೆ ಜಹಾಜಿನವರಾದರೆ ಬೀಗತನಕ್ಕೆ ಅಡ್ಡಿಯಿಲ್ಲ. ಜಹಾಜಿನ ಇಂಗ್ರೇಜಿ ಹೆಸರು ನಮ್ಮ ಮಂದಿಯ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲವಾದ್ದರಿಂದ ಅವರು ಜಹಾಜನ್ನು ಕಪ್ತಾನನ ಮೇಲೆ ಗುರುತಿಡುತ್ತಿದ್ದರು. ಕುಂಟ ಕಪ್ತಾನನ ಜಹಾಜು, ಕೆಂಪು ಗಡ್ಡದವನ ಜಹಾಜು, ಹೀಗೆ.

ನಮ್ಮ ಅಜ್ಜನದು ಆಡಿನ ಕಪ್ತಾನನ ಜಹಾಜು. ಆ ಸಾಹೇಬ ಜಹಾಜಿನಲ್ಲಿ ಆಡು ಕಟ್ಟಿಕೊಂಡಿದ್ದನಂತೆ. ಜಡ್ಡಾದ ಮಕ್ಕಳಿಗೆ ಹಾಲು ಕೊಡಿಸುತ್ತಿದ್ದನಂತೆ. ಅವನ ಮುಂಗೈ ಮೇಲೆ ಹಾರುವ ಹಕ್ಕಿಯ ಹಚ್ಚೆ. ನಾನು ಸಣ್ಣವಳಿದ್ದಾಗ ಅಜ್ಜ ಈ ಕಥೆ ಹೇಳಿ ಹೇಳಿ, ನನಗೆ ಆ ಆಡುಗಳ ಬಣ್ಣವೂ ಬಾಯಿಪಾಠವಾಗಿತ್ತು.

ನನಗೆ ಗೊತ್ತು ಮಾಡಿದ ಹುಡುಗ ಅಫಜಲಪುರದ ಕಡೆಯ ಭೀಮಾ ದಂಡೆಯ ಊರಿನವನು. ಅವನ ಅಜ್ಜ ಹೋದದ್ದು ಬಾರಕೋಲಿನ ಕಪ್ತಾನನ ಜಹಾಜಿನಲ್ಲಿ. ಆ ಕಪ್ತಾನ ಮಂದಿಯನ್ನು ಎತ್ತು ಬಡಿದ ಹಾಗೆ ಬಡಿಯುತ್ತಿದ್ದನಂತೆ. ಹಾಲು ಕುಡಿಸುವವನೆಲ್ಲಿ, ಚರ್ಮ ಸುಲಿಯುವವನೆಲ್ಲಿ! ಬೇರೆ ಕಪ್ತಾನ ಅಂದಮೇಲೆ ಬೇರೆ ಜಹಾಜು ಎಂದು ಎರಡೂ ಮನೆಯವರು ಒಪ್ಪಿದರು. ಕೇಳೋಣವೆಂದರೆ ಅಜ್ಜಂದಿರಿಬ್ಬರೂ ಆಗಲೇ ತೀರಿಹೋಗಿದ್ದರು.

ಅವನನ್ನು ನಾನು ಮೊದಲೇ ನೋಡಿದ್ದೆ. ತೊಗರಿ ಕಟಾವಿನ ಹೊತ್ತಿಗೆ ಎತ್ತು ನೋಡಲು ಬಂದವನು ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕುಳಿತ. ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ಅಪ್ಪನನ್ನು ಕೇಳಿದ.

"ಈ ರೊಟ್ಟಿ ಯಾರು ಬಡದಾರ್ರಿ? ಗಾಡಿ ಗಾಲಿಗೆ ಹಾಕಿದ್ರ ಸೊಲ್ಲಾಪುರ ತನಕ ತಡೀತದ."

ನಾನು ಒಳಗಿನಿಂದಲೇ ಅಂದೆ. "ಹಾಕ್ಕೊಂಡ ಹೋಗ್ರಿ. ಹೊತ್ತ ಮುಳುಗೋದ್ರಾಗ ಊರ ಮುಟ್ಟತೀರಿ."

ಅಪ್ಪ ತಲೆ ತಗ್ಗಿಸಿಕೊಂಡ. ಅವನು ಮಾತ್ರ ನಕ್ಕು, ಅದೇ ರೊಟ್ಟಿಯನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡ. ಅವತ್ತೇ ನನ್ನ ಮನಸ್ಸು ಅವನ ಮೇಲೆ ಕುಳಿತುಬಿಟ್ಟಿತು. ಇದನ್ನು ಹೇಳಲು ನನಗೀಗ ಯಾವ ನಾಚಿಕೆಯೂ ಇಲ್ಲ.

ಯುಗಾದಿ ಮುಗಿದ ಮೇಲೆ ಲಗ್ನ ಗಟ್ಟಿ ಮಾಡಿ ಉಡಿ ತುಂಬಲು ಅವನ ಅಜ್ಜಿಯೇ ಬಂದಳು. ಉಡಿ ತುಂಬಿ ಹೆಂಗಸರೆಲ್ಲ ಎಲೆಯಡಿಕೆ ಹಾಕಿಕೊಂಡು ಕುಳಿತಾಗ ನಾನು ಬಾಯಿ ಮುಚ್ಚಿಕೊಂಡಿರಲಾರದೆ ಅಜ್ಜನ ಕಪ್ತಾನನ ಕಥೆ ತೆಗೆದೆ. ಆಡು, ಹಾಲು, ಮುಂಗೈ ಮೇಲಿನ ಹಕ್ಕಿ. ಮುದುಕಿಯ ಬಾಯೊಳಗಿನ ಎಲೆ ಅಲ್ಲೇ ನಿಂತಿತು.

"ಹಕ್ಕಿ ಏನಂದಿ? ನಮ್ಮ ಮನಿಯವರೂ ಹೇಳತಿದ್ರು ಬೇ. ಬಾರಕೋಲು ಎತ್ತಿದಾಗೊಮ್ಮೆ ಕಪ್ತಾನನ ಕೈಮ್ಯಾಗಿನ ಹಕ್ಕಿ ಹಾರಿದಂಗ ಕಾಣತಿತ್ತು ಅಂತ."

ಪಡಸಾಲೆಯಲ್ಲಿದ್ದ ಅಪ್ಪ ಎದ್ದು ಬಾಗಿಲಿಗೆ ಬಂದ. ಅಂದ. "ಜಹಾಜಿನ ಮಂದಿ ಎಲ್ಲಾರೂ ಹಚ್ಚಿ ಹಾಕಿಸ್ಕೊಂಡಿರ್ತಾರ್ರಿ ಆಯಿ. ಹಕ್ಕಿ ಒಬ್ಬವಂದೇ ಏನು?"

"ಹಂಗಿದ್ರ ಛಲೋನೇ ಆತು. ಕಣ್ಣಾರೆ ಕಂಡವರ ಕಡೆಯಿಂದ ಹೇಳಸ್ರಿ. ದೀಪಾವಳಿ ತನಕ ಕಾಯ್ತೇವಿ. ಆಮ್ಯಾಲ ಹುಡುಗಗ ಬ್ಯಾರೆ ಕಡೆ ನೋಡೋದೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ನನ್ನ ಬಾಯಿಂದಲೇ ಕೆಟ್ಟಿತು ಎಂದು ನಾನು ಅತ್ತ ಅಳು ಆ ಬೇಸಿಗೆಗೆಲ್ಲ ಸಾಕಾಗುವಷ್ಟಿತ್ತು.

ಅಲ್ಲಿಂದ ನಮ್ಮ ಅಲೆದಾಟ ಶುರುವಾಯಿತು. ಹೆಣ್ಣುಮಗಳು ಯಾಕೆ ಎಂದು ಬಳಗದವರು ಅಂದರೂ ನಾನು ಗಾಡಿ ಇಳಿಯಲಿಲ್ಲ. ಆಳಂದದಲ್ಲಿ ಟಾಪಿನಿಂದ ಬಂದವನೊಬ್ಬನ ಮಗನಿದ್ದ, ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದ. ತನ್ನಪ್ಪ ಸಮುದ್ರದ ಮಾತೆತ್ತಿದರೆ ಉಣ್ಣುವುದನ್ನು ಬಿಟ್ಟು ಏಳುತ್ತಿದ್ದ ಎಂದಷ್ಟೇ ಹೇಳಿದ. ಇನ್ನೊಂದು ಮನೆಯಲ್ಲಿ ಅಣ್ಣ ಜಹಾಜು ಕರಿದೆಂದ, ತಮ್ಮ ಬಿಳಿದೆಂದ. ಇಬ್ಬರೂ ನಮ್ಮೆದುರೇ ಜಗಳಕ್ಕೆ ನಿಂತರು. ಸತ್ತವರ ಮಕ್ಕಳ ಹತ್ತಿರ ಇನ್ನೇನು ಸಿಗುತ್ತದೆ? ಮಳೆ ಹಿಡಿಯಿತು. ಎರೆಮಣ್ಣಿನಲ್ಲಿ ಗಾಲಿ ಹೂತು, ನಾನೂ ಅಪ್ಪನೂ ಕೆಳಗಿಳಿದು ನೂಕಿದ್ದು ಎಷ್ಟು ಸಲವೋ. ನಮ್ಮ ಕಾಕಾ ಮಾತ್ರ ಕಟ್ಟೆ ಮೇಲೆ ಕುಳಿತು, "ಈ ಹುಡುಗ ಹ್ವಾದ್ರ ಇನ್ನೊಬ್ಬ" ಎನ್ನುತ್ತಿದ್ದ. ಊರು ಸುಟ್ಟರೂ ಹನುಮಪ್ಪ ಹೊರಗೆ. ಇನ್ನೊಬ್ಬ ನನಗೆ ಬೇಡವಾಗಿತ್ತು.

ದಸರೆ ಕಳೆದ ಮೇಲೆ ಭೂಸನೂರಿನಲ್ಲಿ ಒಬ್ಬರು ಹೇಳಿದರು. ಜೇವರ್ಗಿ ಸೀಮೆಯ ಒಂದು ಊರಲ್ಲಿ ಒಬ್ಬ ಮುದುಕಿ ಇನ್ನೂ ಜೀವಂತ ಇದ್ದಾಳೆ. ಸಣ್ಣ ಹುಡುಗಿಯಾಗಿದ್ದಾಗ ಹಕ್ಕಿ ಹಚ್ಚೆಯ ಕಪ್ತಾನನ ಜಹಾಜಿನಲ್ಲಿ ಹೋಗಿ ಬಂದವಳಂತೆ.

ಭೀಮೆಯನ್ನು ದೋಣಿಯಲ್ಲಿ ದಾಟಬೇಕಿತ್ತು. ಸುದ್ದಿ ತಿಳಿದು ಆ ಹುಡುಗನೇ ಹೊಳೆಗೆ ಬಂದಿದ್ದ. ನಮ್ಮ ಜೊತೆ ಆಚೆ ದಂಡೆಗೆ ಬಂದು, ಜೇವರ್ಗಿ ಕಡೆ ಹೋಗುವ ಗಾಡಿಯೊಂದನ್ನು ಗೊತ್ತು ಮಾಡಿಕೊಟ್ಟ. ಅಪ್ಪ ಗಾಡಿಯವನ ಜೊತೆ ಮಾತಾಡುವಾಗ ನನ್ನ ಹತ್ತಿರ ಬಂದು ನಿಂತ.

"ನಾ ಅಲ್ಲಿಗೆ ಬರಂಗಿಲ್ಲ. ಕೇಳಾಕ ನನಗ ಧೈರ್ಯ ಇಲ್ಲ. ಇಲ್ಲೇ ಕುಂತಿರ್ತೇನಿ. ಮುದುಕಿ ಏನರೆ ಅನ್ಲಿ, ನೀ ಬಂದು ಏನ ಹೇಳ್ತೀಯೋ ಅದನ್ನ ನಮ್ಮ ಆಯಿಗೆ ಹೇಳ್ತೇನಿ. ತಿಳೀತಿಲ್ಲೋ?"

ತಿಳಿಯಿತು. ತಲೆಯಾಡಿಸಿ ಗಾಡಿ ಹತ್ತಿದೆ.

ಮುದುಕಿ ಅಂಗಳದಲ್ಲಿ ಮೊರದ ಮುಂದೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಕಣ್ಣುಗಳು ಚುರುಕಾಗಿದ್ದವು. ಅಪ್ಪ ಬಾಗಿಲ ಹತ್ತಿರ ಕುಳಿತ. ನಾನು ಬಂದ ಕಾರಣ ಹೇಳಿ ಆಡಿನ ಕಪ್ತಾನನ ಬಗ್ಗೆ ಕೇಳಿದೆ, ಆಮೇಲೆ ಬಾರಕೋಲಿನವನ ಬಗ್ಗೆ ಕೇಳಿದೆ. ಕೇಳುವಾಗಲೇ ನನ್ನ ಧ್ವನಿ ಬೇಡಿಕೊಳ್ಳುತ್ತಿತ್ತು.

"ಇಬ್ಬರಲ್ಲವಾ, ಒಬ್ಬವನೇ," ಅಂದಳು. "ಮೊದಲ ಸಮುದ್ರದಾಗ ಅವನ ಹೇಂತಿ ಜೋಡಿ ಇದ್ಲು. ಆಡು ಆಕೀವು. ತನ್ನ ಕೈಲೆ ಹಾಲು ಕುಡಸ್ತಿದ್ಲು. ಎರಡನೇ ಸಮುದ್ರಕ್ಕ ಹೊಳ್ಳೋ ಮೂಲ್ಯಾಗ ಜ್ವರ ಬಂದು ಸತ್ಲು. ಹಾಯಿ ಬಟ್ಟ್ಯಾಗ ಸುತ್ತಿ ನೀರಿಗೆ ಬಿಟ್ಟ. ಮರುದಿವಸ ಆಡು ಕೊಯ್ಸಿದ. ಬಾರಕೋಲು ಹಿಡದ."

"ಮತ್ತ ನಮ್ಮಜ್ಜ ಬಾರಕೋಲಿನ ಮಾತು ಆಡೇ ಇಲ್ಲಲ್ಲ?"

"ನಿಮ್ಮಜ್ಜ ಕೂಸಿಗೆ ಹೇಳುವಷ್ಟೇ ಹೇಳ್ಯಾನ. ಆ ಹುಡುಗನ ಅಜ್ಜ ಹೇಂತಿಗೆ ಬೆನ್ನ ತೋರ್ಸಿ ಹೇಳ್ಯಾನ."

ನಿಂಬರ್ಗಾದ ಹುಡುಗನ ಹುಬ್ಬು ಸೀಳಿತ್ತೆಂದಳು. ನನ್ನ ಅಜ್ಜನದು ಹಾಗೇ ಇತ್ತು. ಅವನ ಮಗ್ಗುಲಲ್ಲಿ ಮಲಗುತ್ತಿದ್ದವನ ಊರು ಯಾವುದೆಂದು ಹೇಳಿದಳು. ಆ ಊರಿನವನೇ ಅಲ್ಲಿ ಹೊಳೆ ದಂಡೆಯಲ್ಲಿ ಕುಳಿತಿದ್ದ.

ನಾನು ಅವಳ ಕಾಲು ಹಿಡಿದುಕೊಂಡೆ. ಮಾನ, ಮರ್ಯಾದೆ ಯಾವುದೂ ಉಳಿದಿರಲಿಲ್ಲ. "ಅಮ್ಮಾ, ಬ್ಯಾರೆ ಜಹಾಜು ಅಂತ ಒಂದ ಮಾತ ಅನ್ನು. ನಿನ್ನ ಬಿಟ್ಟು ಕಂಡವರು ಯಾರೂ ಉಳದಿಲ್ಲ. ಯಾರಿಗೂ ಗೊತ್ತಾಗಂಗಿಲ್ಲ. ನನ್ನ ಬಾಳೇವು ನಿನ್ನ ಕೈಯಾಗದ."

ಅವಳು ಬಹಳ ಹೊತ್ತು ನನ್ನ ತಲೆ ಸವರಿದಳು. ನನಗೆ ಆಸೆ ಹುಟ್ಟಿತು.

"ನಮ್ಮವ್ವ ಆ ಜಹಾಜಿನ್ಯಾಗೇ ತೀರ್ಕೊಂಡ್ಲು," ಅಂದಳು ಕಡೆಗೆ. "ನನ್ನ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ನಿಮ್ಮಜ್ಜ ತನ್ನ ಪಾಲಿನ ಅನ್ನದಾಗ ಅರ್ಧಾ ಇಟ್ಟ. ಅವರಜ್ಜ ನನಗ ಬೀಳೋ ಏಟು ತನ್ನ ಬೆನ್ನಿಗೆ ತಗೊಂಡ. ನಮ್ಮ ತಂಗಿ ಈಕಿ, ಮುಟ್ಟಬ್ಯಾಡ್ರಿ ಅಂದ್ರು. ಟಾಪು ಮುಟ್ಟಿದ ಮ್ಯಾಲ ಮೂವರೂ ಮೂರು ತ್ವಾಟಕ್ಕ ಹ್ವಾದ್ವಿ. ತಿರುಗಿ ಅವರ ಮಾರಿ ನೋಡಲಿಲ್ಲ. ಆ ಒಡಹುಟ್ಟು ಸುಳ್ಳಂದ್ರ ನಾ ಯಾರಾಕಿ ಹೇಳವಾ?"

ನಾನು ಅವಳ ಕಾಲು ಬಿಟ್ಟು ಎದ್ದೆ. ಅವಳ ಮೇಲೆ ಹೇಳಲಾರದಷ್ಟು ಸಿಟ್ಟು ಬಂದಿತ್ತು. ಅವಳು ನನಗೆ ಹಾಲು ಕಾಸಿ ಕೊಟ್ಟಳು. ಕುಡಿಯಲಿಲ್ಲ. ಹೊರಡುವಾಗ ಅಂದಳು. "ಬ್ಯಾರೆ ಅನ್ನೋದಿದ್ರ ನೀನೇ ಅನ್ನವಾ. ನಾ ಬಂದು ಅಲ್ಲ ಅನ್ನಾಕಿ ಅಲ್ಲ."

ಗಾಡಿಯಲ್ಲಿ ಅಪ್ಪ ಎತ್ತುಗಳ ಕಡೆ ನೋಡುತ್ತ ಕುಳಿತಿದ್ದ. ಸ್ವಲ್ಪ ದೂರ ಬಂದ ಮೇಲೆ ಅಂದ. "ನಾ ಬಾಗಲದಾಗ ಕುಂತಿದ್ನಲ್ಲವಾ, ನನಗ ಆಕಿ ಮಾತು ಸರಿ ಕೇಳಸಲಿಲ್ಲ."

ಜೀವಮಾನದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ. ಮಗಳಿಗೋಸ್ಕರ ಕಿವುಡನಾದ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ, ಆಮೇಲೆ ಕಣ್ಣೊರೆಸಿಕೊಂಡು ಆ ಮಾತನ್ನು ಮನಸ್ಸಿನೊಳಗೆ ಕಲಿಯತೊಡಗಿದೆ. ಬ್ಯಾರೆ ಜಹಾಜಂತ. ಬ್ಯಾರೆ ಕಪ್ತಾನಂತ. ಹೊಳೆ ಬರುವ ಹೊತ್ತಿಗೆ ನಾಲಿಗೆ ತಡವರಿಸದೆ ಹೇಳುವ ಹಾಗೆ ಆಗಿತ್ತು.

ಅವನು ಬೆಳಿಗ್ಗೆ ಕುಳಿತ ಜಾಗದಲ್ಲೇ ಇದ್ದ. ಏನೂ ಉಂಡಿರಲಿಲ್ಲ, ಬುತ್ತಿಯ ಗಂಟು ಹಾಗೇ ಇತ್ತು. ನಮ್ಮನ್ನು ಕಂಡು ಎದ್ದ. ಅಪ್ಪ ನೆಟ್ಟಗೆ ಹೋಗಿ ದೋಣಿಯಲ್ಲಿ ಆಚೆ ಮುಖ ಮಾಡಿ ಕುಳಿತುಬಿಟ್ಟ.

"ಏನಂದ್ಲು?"

ಅವನು ಆಗಲೇ ನಗುತ್ತಿದ್ದ. ನಾನು ಏನು ಹೇಳುವವಳು ಎಂದು ಅವನಿಗೆ ಗೊತ್ತಿತ್ತು. ನಾನು ಬಾಯಿ ತೆರೆದೆ. ಕಲಿತ ಮಾತು ಬರಲಿಲ್ಲ. ಆ ಮುದುಕಿಯನ್ನು ಎರಡನೇ ಸಲ ಅನಾಥೆ ಮಾಡಲು ನನ್ನಿಂದ ಆಗಲಿಲ್ಲ, ಅಷ್ಟೆ. ಇವತ್ತಿಗೂ ನನಗೆ ಹಾಗೆ ಆಗದ್ದರ ಮೇಲೆ ಸಿಟ್ಟಿದೆ.

ದೋಣಿ ಹತ್ತಿಸಲು ಅವನು ಕೈ ಚಾಚಿದ.

"ಹೊತ್ತಾತು," ಅಂದೆ. "ನಡಿ ಅಣ್ಣಾ."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ತಂಗಿಯ ಕೈ ಹಿಡಿಯುವ ಹಾಗೆ ಮಣಿಕಟ್ಟು ಹಿಡಿದು, ನಾನು ಜಾರದ ಹಾಗೆ ದೋಣಿಯಲ್ಲಿ ಕೂಡಿಸಿದ.