ಹಗ್ಗ ಹಿಡಿದು ನಿಂತವಳು

ನನ್ನ ಎತ್ತರದಿಂದಲೇ ಶುರು ಮಾಡಬೇಕು. ಆದದ್ದಕ್ಕೆಲ್ಲ ಅದೇ ಮೂಲ. ಇಪ್ಪತ್ತೆರಡನೇ ವಯಸ್ಸಿಗೆ ನಾನು ಐದು ಅಡಿ ಒಂಬತ್ತು ಇಂಚು ಇದ್ದೆ. ಕಾಸರಗೋಡು ಕಡೆಯ ನಮ್ಮ ಕುಟುಂಬದಲ್ಲಿ ಗಂಡಸರೂ ಅಷ್ಟು ಬೆಳೆದವರಲ್ಲ. ಭುಜ, ತೋಳು, ಅಂಗೈ ಎಲ್ಲವೂ ಆ ಎತ್ತರಕ್ಕೆ ತಕ್ಕ ಹಾಗೆಯೇ. ನನ್ನನ್ನು ನೋಡಲು ಬಂದ ನಾಲ್ಕು ಗಂಡಿನವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ನಾನು ಎದ್ದು ನಿಂತ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು "ಕಾಗದ ಹಾಕುತ್ತೇವೆ" ಎಂದು ಹೊರಟರು. ಒಂದು ಕಾಗದವೂ ಬರಲಿಲ್ಲ.

ಆಗ ನಾನು ಅಣ್ಣ ಅತ್ತಿಗೆಯ ಜೊತೆ ಮಟ್ಟಾಂಚೇರಿಯಲ್ಲಿದ್ದೆ. ಅಣ್ಣನಿಗೆ ಬ್ಯಾಂಕಿನಲ್ಲಿ ಕೆಲಸ. ನನಗೆ ಬಂದರಿನ ಪಕ್ಕದ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ದಿನಾ ಬೋಟಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯ ಹಿಂದೆ ಒಣಶುಂಠಿಯ ಬಂಡಸಾಲೆ ಇತ್ತು. ಆ ವರ್ಷ ಮಾಲು ಕಡಿಮೆಯಾಗಿ ಅರ್ಧ ಬಂಡಸಾಲೆ ಖಾಲಿ ಬಿದ್ದಿತ್ತು. ಆ ಖಾಲಿ ಅರ್ಧವನ್ನು, ಊರೂರು ತಿರುಗಿ ಕುಸ್ತಿ ಆಡಿಸುವ ಒಂದು ಕಂಪೆನಿಯವರು ಬೆಳಗಿನ ಅಭ್ಯಾಸಕ್ಕೆಂದು ಹಿಡಿದರು. ಕಂಪೆನಿ ಕೊಲಂಬೊದಿಂದ ಬಂದದ್ದು. ಅದರಲ್ಲಿ ಒಬ್ಬಳು ಜಪಾನಿನ ಹೆಂಗಸು ಇದ್ದಳು.

ನಾನು ಮೊದಲು ಕೇಳಿದ್ದು ಅವಳ ಶಬ್ದ. ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆ. ಗೋಡೆಯಾಚೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಒಂದು ಪೆಟ್ಟು, ಸ್ವಲ್ಪ ಬಿಟ್ಟು ಇನ್ನೊಂದು. ನಿಲ್ಲುವುದೇ ಇಲ್ಲ. ಬಾಗಿಲ ಸಂದಿನಿಂದ ನೋಡಿದರೆ, ನನ್ನ ಎದೆಯಷ್ಟೇ ಎತ್ತರದ, ಕಂಬದ ಹಾಗೆ ಗಟ್ಟಿಯಾದ ಒಬ್ಬಳು ನಾರು ತುಂಬಿದ ಗೋಣಿಗಳ ಮೇಲೆ ಬೀಳುತ್ತಿದ್ದಳು. ಬೀಳುವುದು, ಏಳುವುದು, ಮತ್ತೆ ಬೀಳುವುದು, ನಡುವೆ ಶುಂಠಿಯ ಧೂಳಿಗೆ ಸೀನುವುದು. ನನಗೆ ನಗು ಬಂತು. ಅವಳು ತಿರುಗಿ ನೋಡಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹುಬ್ಬೇರಿಸಿದಳು. ಅಲ್ಲಿಯವರೆಗೆ ಹಾಗೆ ನೋಡಿದವರೆಲ್ಲ ಕಾಗದ ಹಾಕುತ್ತೇವೆ ಎಂದವರೇ. ಇವಳು ಮಾತ್ರ ಎರಡು ಕೈ ತಟ್ಟಿ, ಹರಕು ಇಂಗ್ಲಿಷಿನಲ್ಲಿ, "ಚೆನ್ನಾಗಿದ್ದೀ! ತುಂಬ ಚೆನ್ನಾಗಿದ್ದೀ!" ಎಂದಳು.

ಆಮೇಲೆ ಐದು ವಾರ, ದೇವಸ್ಥಾನಕ್ಕೆ ಹೋಗುತ್ತೇನೆ ಎಂದು ಅತ್ತಿಗೆಗೆ ಹೇಳಿ ನಾನು ಹೋದದ್ದು ಬಂಡಸಾಲೆಗೆ. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಅಷ್ಟೇನೂ ಬೇಸರವಿಲ್ಲ. ಬೇಸರದ ಸಂಗತಿ ಬೇರೆ ಇದೆ.

ಅವಳಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚು. ಅವಳು ಹೇಳಿದ್ದನ್ನೆಲ್ಲ ತುಂಡು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದ್ದು. ಯುದ್ಧ ಮುಗಿದ ಮೇಲೆ ರೇಷ್ಮೆ ಗಿರಣಿಯಲ್ಲಿ ದುಡಿಯುತ್ತಿದ್ದವಳು ಒಮ್ಮೆ ಹೆಂಗಸರ ಕುಸ್ತಿ ನೋಡಿದಳಂತೆ. ಮರುವಾರವೇ ಗಿರಣಿ ಬಿಟ್ಟು ಹೋಗಿ ಅವರ ಬಾಗಿಲಲ್ಲಿ ಕೂತಳಂತೆ. ಮೊದಲ ವರ್ಷ ಹಿರಿಯರ ಬಟ್ಟೆ ಒಗೆಯುವುದು, ಅನ್ನ ಬೇಯಿಸುವುದು, ನೆಲ ಒರೆಸುವುದು, ಉಳಿದ ಹೊತ್ತು ಬೀಳುವುದು. ಒಬ್ಬರನ್ನು ಎತ್ತಿ ಎಸೆಯಲು ಅವಳಿಗೆ ಬಿಟ್ಟದ್ದು ಒಂದು ವರ್ಷ ಬಿದ್ದ ಮೇಲೆ. ಆಮೇಲೆ ಎರಡು ಮೂರು ವರ್ಷ ಹಬ್ಬವೇ. ದೊಡ್ಡ ದೊಡ್ಡ ಸಭಾಂಗಣ, ಕಾಲಿಡಲು ಜಾಗವಿಲ್ಲದಷ್ಟು ಜನ, ಗೋಡೆಗಳ ಮೇಲೆ ಅವಳ ಚಿತ್ರದ ಪೋಸ್ಟರು. ಮತ್ತೆ ಅದು ಬಂದಷ್ಟೇ ಬೇಗ ಹೋಯಿತು. ಹೆಂಗಸರು ಹೀಗೆಲ್ಲ ಮಾಡುವುದು ಅಸಭ್ಯ ಎಂದು ಯಾರೋ ಬರೆದರು, ಸಭಾಂಗಣದವರು ಜಾಗ ಕೊಡಲಿಲ್ಲ. ಜೊತೆಯವರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು, ಕೆಲವರು ಗುರುತು ಸಿಗಬಾರದೆಂದು ಹೆಸರು ಬದಲಿಸಿಕೊಂಡರು. ಇವಳು ಮಾತ್ರ ಹಡಗು ಹತ್ತಿದಳು.

ನನಗೆ ಅವಳು ಬೀಳುವುದನ್ನು ಕಲಿಸಿದಳು. ಸೀರೆಯನ್ನು ಕಚ್ಚೆ ಹಾಕಿ ಗೋಣಿಯ ಮೇಲೆ ನಿಂತರೆ, ನನ್ನ ಸೊಂಟದಲ್ಲಿ ಸಿಕ್ಕಿಸಿದ ಸೆರಗಿನ ಗಂಟನ್ನು ಬೆರಳಿನಿಂದ ತಟ್ಟುತ್ತಿದ್ದಳು. ಬೀಳುವಾಗ ಆ ಗಂಟನ್ನೇ ನೋಡಬೇಕು, ಆಗ ಗದ್ದ ಎದೆಗೆ ತಾಗಿ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ನೆಲ ಮುಟ್ಟುವ ಮೊದಲೇ ಇಡೀ ತೋಳಿನಿಂದ ನೆಲಕ್ಕೆ ಹೊಡೆಯಬೇಕು, ಉಸಿರು ಬಿಟ್ಟುಬಿಡಬೇಕು. ನಾನು ಕೇಳಿದ ಶಬ್ದ ಅದೇ. ಕುಸ್ತಿಯಲ್ಲಿ ಅರ್ಧ ಕೆಲಸ ಬೀಳುವವಳದ್ದು ಎಂದು ಅವಳು ಹೇಳುತ್ತಿದ್ದಳು. ಎಸೆದವಳಿಗೆ ಚಪ್ಪಾಳೆ, ಬಿದ್ದವಳಿಗೆ ಕೂಗು; ಆದರೆ ಬೀಳುವವಳಿಗೆ ಬರದಿದ್ದರೆ ಎಸೆಯುವವಳು ಏನೂ ಅಲ್ಲ. ಹುಟ್ಟಿದಂದಿನಿಂದ ಬಗ್ಗಿ, ಭುಜ ಕುಗ್ಗಿಸಿ ನಡೆದ ನನಗೆ, ಇಷ್ಟುದ್ದದ ದೇಹವನ್ನು ಒಮ್ಮೆಗೇ ನೆಲಕ್ಕೆ ಬಿಟ್ಟುಬಿಡುವುದರಲ್ಲಿ ಎಷ್ಟು ಸುಖವಿತ್ತು! ಬೋಟಿನಲ್ಲಿ ಕೂತವಳು ಕಾರಣವಿಲ್ಲದೆ ನಗುತ್ತಿದ್ದೆ.

ಅತ್ತಿಗೆ ಒಂದು ದಿನ ನನ್ನ ಸೀರೆಯ ಬೆನ್ನಿನಿಂದ ನಾರಿನ ಎಳೆ ತೆಗೆದು, ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಈ ದೇವಸ್ಥಾನದಲ್ಲಿ ಉರುಳುಸೇವೆ ಉಂಟಾ?" ಎಂದಳು.

ಕಂಪೆನಿ ತಿರುವನಂತಪುರಕ್ಕೆ ಹೊರಡುವ ಮುನ್ನ ಅವಳು ನನ್ನನ್ನು ಒಂದು ಸಂಗತಿ ಕೇಳಿದಳು. ಅಲ್ಲಿಯ ಆಟ ಅವಳ ಕೊನೆಯ ಆಟ. ಮೊಣಕಾಲು ಹಾಳಾಗಿತ್ತು, ರಾತ್ರಿ ಊದಿಕೊಂಡು ಬೆಳಿಗ್ಗೆ ಮಡಚಲು ಬರುತ್ತಿರಲಿಲ್ಲ. ಅದು ಮುಗಿದರೆ ಕೊಚ್ಚಿಗೆ ಬಂದು ಹಡಗು ಹತ್ತುವುದು, ಅಕ್ಕನ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುವುದು. ಅವರ ದೇಶದಲ್ಲಿ ಆಟಕ್ಕೆ ಮೊದಲು ಒಬ್ಬ ಹುಡುಗಿ ರಿಂಗಿಗೆ ಹತ್ತಿ ಹೂವು ಕೊಡುವ ಪದ್ಧತಿ ಇದೆಯಂತೆ. ಇವಳು ದೇಶ ಬಿಟ್ಟ ಮೇಲೆ ಯಾರೂ ಹೂವು ಕೊಟ್ಟಿಲ್ಲ. ಕೊನೆಯ ಆಟಕ್ಕೆ ನಾನು ಬಂದು ಕೊಡಬೇಕು. ಮಾತಾಡಬೇಕಾಗಿಲ್ಲ, ಹತ್ತಿ, ಕೊಟ್ಟು, ಇಳಿದರಾಯಿತು. ಕೇಳುವಾಗ ಅವಳು ನನ್ನ ಮುಖ ನೋಡದೆ ಮೊಣಕಾಲಿನ ಪಟ್ಟಿ ಬಿಗಿಯುತ್ತಿದ್ದಳು. ನಾನು ಅವಳ ಕೈ ಹಿಡಿದು ಬರುತ್ತೇನೆ ಎಂದೆ. ಎರಡು ಸಲ ಹೇಳಿದೆ.

ಬರುತ್ತೇನೆ ಎನ್ನಲು ಒಂದು ದಾರಿಯೂ ಇತ್ತು. ನನಗೆ ಐದನೆಯ ಸಂಬಂಧ ಬಂದದ್ದು ತಿರುವನಂತಪುರದ್ದು. ಹುಡುಗ ನಮ್ಮ ಕಡೆಯವರೇ, ಅಲ್ಲಿ ಕೇಂದ್ರ ಸರಕಾರದ ಕೆಲಸ. ಅವರ ತಾಯಿಗೆ ಪ್ರಯಾಣ ಆಗದ ಕಾರಣ ನಾವೇ ಹುಡುಗಿಯನ್ನು ಕರೆದುಕೊಂಡು ಹೋಗುವುದು ಎಂದಾಗಿತ್ತು. ಅದೂ ಆಟ ಇದ್ದ ಭಾನುವಾರವೇ. ಬೆಳಿಗ್ಗೆ ಹುಡುಗಿ ನೋಡುವ ಶಾಸ್ತ್ರ ಮುಗಿಸಿ, ಸಂಜೆ ದೇವಸ್ಥಾನದ ನೆಪ ಹೇಳಿ ಜಾರಿಕೊಳ್ಳುವುದು ನನ್ನ ಲೆಕ್ಕಾಚಾರ. ಸುಳ್ಳು ಒಮ್ಮೆ ನಡೆದರೆ ಯಾವಾಗಲೂ ನಡೆಯುತ್ತದೆ ಎಂದು ತಿಳಿದಿದ್ದೆ.

ಬೆಳಗಿನ ಶಾಸ್ತ್ರದಲ್ಲಿ ಅತ್ತಿಗೆ ನನಗೆ "ನೀನು ಏಳ್ಲೇಬೇಡ ಮಾರಾಯ್ತಿ, ಕೂತಲ್ಲಿಂದಲೇ ಕೈ ಮುಗಿ" ಎಂದು ಕಿವಿಯಲ್ಲಿ ಹೇಳಿದ್ದಳು. ಹಾಗೇ ಮಾಡಿದೆ. ಹುಡುಗ ನನಗಿಂತ ಒಂದು ಇಂಚು ಕಡಿಮೆ ಇರಬಹುದು, ಕನ್ನಡಕದ ಹಿಂದಿನಿಂದ ಒಂದು ಸಲ ನೋಡಿ ಸುಮ್ಮನೆ ನಕ್ಕರು. ಅವರ ತಾಯಿ ಮಾತ್ರ ಏನೂ ಬಿಟ್ಟುಕೊಡಲಿಲ್ಲ. ಮಧ್ಯಾಹ್ನ ನಾನು ಅತ್ತಿಗೆಯ ಜೊತೆ ಚಾಲೆ ಪೇಟೆಗೆ ಹೋಗಿ, ದೇವರಿಗೆ ಎಂದು ಹೇಳಿ, ಎರಡು ಮೊಳ ದಪ್ಪ ಮಲ್ಲಿಗೆ ದಂಡೆ ತೆಗೆದುಕೊಂಡೆ. ಬಾಳೆಲೆಯಲ್ಲಿ ಕಟ್ಟಿಸಿ ತಂದರೆ, ಹುಡುಗನ ಸೋದರಮಾವ ಬಾಗಿಲಲ್ಲಿ ನಿಂತು ಪಾಸುಗಳನ್ನು ಬೀಸಣಿಗೆಯ ಹಾಗೆ ಬೀಸುತ್ತಿದ್ದರು. "ಎಲ್ಲರೂ ಹೊರಡಿ! ಜಪಾನಿನ ಹೆಂಗಸಿನ ಕುಸ್ತಿ ಉಂಟು. ಕುಟುಂಬದವರಿಗೆ ಬೇರೆಯೇ ಕುರ್ಚಿ."

ನನ್ನ ದೇವಸ್ಥಾನದ ನೆಪ ಅಲ್ಲಿಗೆ ಮುಗಿಯಿತು; ಹೂವಿನ ಕಟ್ಟು ಹಿಡಿದು ನಾನೂ ಎಲ್ಲರ ಜೊತೆ ಹೊರಟೆ.

ತಗಡು ಸುತ್ತಿದ ಮೈದಾನ, ನಡುವೆ ಮರದ ಅಟ್ಟಣೆಯ ಮೇಲೆ, ಸುತ್ತಲೂ ಸಾಲು ಹಗ್ಗ ಕಟ್ಟಿದ ರಿಂಗು. ನಾವು ಕೂತದ್ದು ಎರಡನೇ ಸಾಲಿನಲ್ಲಿ. ನನ್ನ ಒಂದು ಪಕ್ಕ ಹುಡುಗನ ತಾಯಿ, ಇನ್ನೊಂದು ಪಕ್ಕ ಅತ್ತಿಗೆ, ಮಡಿಲಲ್ಲಿ ಹೂವಿನ ಕಟ್ಟು. ಇನ್ನೂ ಹೊತ್ತು ಮುಳುಗಿರಲಿಲ್ಲ. ಅವಳು ನೀಲಿ ಈಜುಡುಗೆಯಂಥದ್ದನ್ನು ಹಾಕಿಕೊಂಡು, ಮೊಣಕಾಲಿಗೆ ಹೊಸ ಬಿಳಿ ಪಟ್ಟಿ ಕಟ್ಟಿಕೊಂಡು ಬಂದಳು. ಬಂದ ಕೂಡಲೇ ಹಿಂದಿನ ಸಾಲುಗಳಲ್ಲಿ ಸಿಳ್ಳೆ, ಕೂಗು. "ಥೂ, ಮೈ ಮೇಲೆ ಬಟ್ಟೆ ಇಲ್ಲವಲ್ಲ!" ಎಂದು ಹುಡುಗನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು, ಕಣ್ಣು ಮಾತ್ರ ಅಲ್ಲಿಂದ ಕೀಳಲಿಲ್ಲ. ಮೈಕಿನವನು ಮಲಯಾಳದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಕೊಚ್ಚಿಯಿಂದ ಬಂದ ಸ್ನೇಹಿತೆಯೊಬ್ಬರು ಈಗ ಹೂವು ಕೊಡುತ್ತಾರೆ ಎಂದ.

ಅವಳು ಜನರಲ್ಲಿ ನನ್ನನ್ನು ಹುಡುಕಿದಳು. ಹುಡುಕುವುದೇನು ಬಂತು, ಕೂತರೂ ಎಲ್ಲರಿಗಿಂತ ಒಂದು ಗೇಣು ಮೇಲೆ ನನ್ನ ತಲೆ. ಕಂಡಳು. ಮುಖವೆಲ್ಲ ಅರಳಿತು. ಬಂದು, ಕೆಳಗಿನ ಹಗ್ಗವನ್ನು ಪಾದದಿಂದ ಒತ್ತಿ, ಮೇಲಿನದನ್ನು ಭುಜದಿಂದ ಎತ್ತಿ, ನಾನು ಬಗ್ಗದೆ ಒಳಗೆ ಬರುವಷ್ಟು ದಾರಿ ಮಾಡಿ ನಿಂತಳು. ಒತ್ತಿ ಹಿಡಿದದ್ದು ನೋವಿನ ಕಾಲಿನಿಂದ. ಇನ್ನೊಂದು ಕಾಲಿನ ಮೇಲೆ ನಿಲ್ಲಬೇಕಿತ್ತಲ್ಲ.

"ನಿನ್ನನ್ನೇ ನೋಡ್ತಾ ಇದ್ದಾಳಲ್ಲ," ಹುಡುಗನ ತಾಯಿ ಕೇಳಿದರು. "ನಿಂಗೆ ಅವಳ ಗುರ್ತ ಉಂಟಾ?"

"ಇಲ್ಲಪ್ಪ," ಎಂದೆ. "ನಂಗೆ ಎಲ್ಲಿಯ ಗುರ್ತ!"

"ತನಗೆ ಸರಿಯಾದ ಜೋಡಿ ಸಿಕ್ಕಿತು ಅಂತ ಕಂಡಿರ್ಬೇಕು ಅವಳಿಗೆ," ಎಂದರು ಸೋದರಮಾವ. ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಸುಮ್ಮನಿದ್ದರೂ ಆಗುತ್ತಿತ್ತು, ಯಾರೂ ನಗು ಎಂದು ಹೇಳಿರಲಿಲ್ಲ. ಅವಳು ನೋಡುತ್ತಿದ್ದಂತೆ ಬಾಯಿ ತೆರೆದು ನಕ್ಕೆ.

ಅವಳು ಹಗ್ಗ ಬಿಡಲಿಲ್ಲ. ನನಗೆ ನಾಚಿಕೆ ಎಂದುಕೊಂಡಳೋ ಏನೋ, ತಲೆಯಾಡಿಸಿ ಬಾ ಎಂದಳು. ಕಾಲು ನಡುಗುವುದು ಎರಡನೇ ಸಾಲಿಗೆ ಕಾಣುತ್ತಿತ್ತು. "ಪಾಪ, ಯಾರನ್ನೋ ಕಾಯ್ತಾ ಇದ್ದಾಳೆ," ಎಂದು ಆ ಕಡೆಯಿಂದ ಒಬ್ಬರು ಮೆಲ್ಲಗೆ ಹೇಳಿದರು. ನೋಡಿದರೆ, ಹುಡುಗ. ಅವರೊಬ್ಬರೇ ನಕ್ಕಿರಲಿಲ್ಲ. ಅಷ್ಟು ಕೇಳಿಯೂ ನಾನು ಏಳಲಿಲ್ಲ.

"ಇದೆಂತ ಮಡಿಲಲ್ಲಿ, ಹೂವಾ?" ಎಂದರು ಅವರ ತಾಯಿ.

"ನಿಮಗೇ ತಂದದ್ದು."

ಹಾಗೆಂದು ಬಾಳೆಲೆ ಬಿಡಿಸಿ ಕೊಟ್ಟುಬಿಟ್ಟೆ. ಅವರ ಮುಖ ಆ ದಿನ ಮೊದಲ ಸಲ ಸಡಿಲವಾಯಿತು. ಕೇಳದೆಯೇ ಅತ್ತೆಗೆ ಹೂವು ತರುವ ಹುಡುಗಿ! ದಂಡೆಯನ್ನು ಎರಡು ತುಂಡು ಮಾಡಿ, ಒಂದನ್ನು ತಾವು ಮುಡಿದು, ಇನ್ನೊಂದನ್ನು ನನ್ನ ತಲೆಗೆ ಸಿಕ್ಕಿಸಿ, "ಮುತ್ತೈದೆ ಮುಡಿಸಿದ ಮೇಲೆ ಆಯ್ತು ಮಗಳೇ, ಇನ್ನು ಕಾಗದ ಗೀಗದ ಎಂತದೂ ಬೇಡ," ಎಂದರು. ಅತ್ತಿಗೆ ಸೆರಗಿನ ಮರೆಯಲ್ಲಿ ನನ್ನ ಕೈ ಅದುಮಿದಳು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ, ಅವಳ ಹೂವಿನಲ್ಲಿ, ಅವಳ ಕಣ್ಣೆದುರಿಗೆ.

ಅವಳು ಅದನ್ನೂ ನೋಡಿದಳು. ಆಮೇಲೆ ಹಗ್ಗ ಬಿಟ್ಟಳು. ನಾಲ್ಕು ದಿಕ್ಕಿಗೂ ಬಗ್ಗಿ ನಮಸ್ಕಾರ ಮಾಡಿದಳು. ನಮ್ಮ ದಿಕ್ಕಿಗೆ ಎಲ್ಲಿ ಕಡಿಮೆ ಬಗ್ಗುತ್ತಾಳೋ ಎಂದು ನೋಡಿದೆ. ಅಷ್ಟೇ ಬಗ್ಗಿದಳು.

ಆ ಸಂಜೆ ಅವಳು ಒಂಬತ್ತು ಸಲ ಬಿದ್ದಳು, ನಾನು ಎಣಿಸಿದ್ದೇನೆ. ಎದುರಾಳಿ ಮದ್ರಾಸಿನ ಒಬ್ಬ ದಡೂತಿ ಹೆಂಗಸು, ಅವಳಿಗೆ ಕೆಲಸ ಅಷ್ಟಾಗಿ ಬರುತ್ತಿರಲಿಲ್ಲ. ಅವಳನ್ನು ದೊಡ್ಡ ಜಟ್ಟಿಯ ಹಾಗೆ ಕಾಣಿಸಿದ್ದು ಇವಳು ಬಿದ್ದ ರೀತಿ. ಒಂದೊಂದು ಸಲವೂ ಗದ್ದ ಎದೆಗೆ, ತೋಳು ನೆಲಕ್ಕೆ, ಅದೇ ಶಬ್ದ. ಜನ ಕೂಗಿದರು, ಯಾರೋ ಕಿತ್ತಳೆ ಸಿಪ್ಪೆ ಎಸೆದರು. ಇಷ್ಟು ಚಂದವಾಗಿ ಬೀಳುವುದನ್ನು ನೀವು ಮತ್ತೆ ನೋಡಲಾರಿರಿ ಎಂದು ಹೇಳಬಲ್ಲವಳು ಆ ಮೈದಾನದಲ್ಲಿ ನಾನೊಬ್ಬಳೇ ಇದ್ದೆ. ಹೇಳಲಿಲ್ಲ. ಕೊನೆಯ ಸಲ ಅವಳು ಏಳಲು ತಡಮಾಡಿದಳು. ಅದು ಆಟವೋ, ಕಾಲು ನಿಜವಾಗಿ ಕೈಕೊಟ್ಟಿತೋ, ಅದು ಮಾತ್ರ ನನಗೂ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಮಲ್ಲಿಗೆ ಘಮಘಮಿಸುತ್ತಲೇ ಇತ್ತು.

ಮರುದಿನ ಬಸ್ಸಿನಲ್ಲಿ ಅಣ್ಣ ನಿದ್ದೆ ಹೋದ ಮೇಲೆ ಅತ್ತಿಗೆ ಹೇಳಿದಳು, "ನಂಗೆ ಎಲ್ಲ ಗೊತ್ತಿತ್ತು. ನೀನು ಎಲ್ಲಿ ಎದ್ದು ಹೋಗ್ತೀಯೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಒಳ್ಳೆ ಕೆಲಸ ಮಾಡಿದೆ." ಪ್ರೀತಿಯಿಂದಲೇ ಹೇಳಿದಳು. ಅವಳು ಬೈದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲವೋ ಏನೋ.

ಆ ವಾರವೇ ಅವಳು ಕೊಚ್ಚಿಯಿಂದ ಹಡಗು ಹತ್ತಿದಳು. ನನ್ನ ಕಚೇರಿಯ ಕಿಟಕಿಯಿಂದ ಹಡಗುಕಟ್ಟೆ ಕಾಣುತ್ತಿತ್ತು, ನಡೆದರೆ ಹತ್ತು ನಿಮಿಷ. ನಾನು ಟೈಪ್ ಮಾಡುತ್ತ ಕೂತೆ. ಅವಳು ನನಗೆ ಏನನ್ನೂ ಬಿಟ್ಟು ಹೋಗಲಿಲ್ಲ, ಒಂದು ಬೈಗುಳವನ್ನೂ ಕೂಡ. ಬಂಡಸಾಲೆಯಲ್ಲಿ ಶುಂಠಿ ಆರಿಸುವ ಹೆಂಗಸರು ಮಾತ್ರ ನನ್ನನ್ನು ಕಂಡಾಗಲೆಲ್ಲ, "ಆ ಚೇಚಿ, ಜಪಾನಿನ ಅಕ್ಕ, ಹೋಗುವ ಮೊದಲು ನೆಲ ಒರೆಸಿ ಹೋದಳು," ಎಂದು ಮಲಯಾಳದಲ್ಲಿ ಹೇಳುತ್ತಿದ್ದರು.

ನನ್ನ ಯಜಮಾನರು ಒಳ್ಳೆಯವರು. ನನ್ನ ಎತ್ತರದ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವರಲ್ಲ. ನಾನು ಎದ್ದು ಹೋಗಿ ಹೂವು ಕೊಟ್ಟಿದ್ದರೂ ಅವರು ನನ್ನನ್ನು ಮದುವೆಯಾಗುತ್ತಿದ್ದರು ಎಂದು ನನಗೆ ತಿಳಿಯಲು ಒಂದು ವರ್ಷವೂ ಬೇಕಾಗಲಿಲ್ಲ. ಆಮೇಲೆ ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಅತ್ತೆ ಇರುವವರೆಗೆ ಅತ್ತೆಯ ನೆಪ ಇತ್ತು. ಅವರು ತೀರಿಕೊಂಡ ಮೇಲೆ ಇಷ್ಟು ವರ್ಷ ಆಯಿತಲ್ಲ ಎಂಬ ನೆಪ.

ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಬಚ್ಚಲುಮನೆಯ ಸೋಪಿನ ನೀರಿನಲ್ಲಿ ಜಾರಿ ಬೆನ್ನಡಿಯಾಗಿ ಬಿದ್ದೆ. ಯೋಚಿಸಲು ಹೊತ್ತಿರಲಿಲ್ಲ. ಕಣ್ಣು ತಾನಾಗಿ ಸೊಂಟದ ಕಡೆ ಹೋಯಿತು, ತೋಳು ತಾನಾಗಿ ನೆಲಕ್ಕೆ ಹೊಡೆಯಿತು. ಅಂಗೈ ಕೆಂಪಾಯಿತು ಬಿಟ್ಟರೆ ಏನೂ ಆಗಲಿಲ್ಲ. ಆದರೂ ಆಸ್ಪತ್ರೆಗೆ ಕರೆದೊಯ್ದರು. ಈ ವಯಸ್ಸಿನಲ್ಲಿ ಹೀಗೆ ಬಿದ್ದರೆ ಸೊಂಟ, ಇಲ್ಲವೇ ತಲೆ ಒಡೆಯಬೇಕಿತ್ತು, ನಿಮಗೆ ಬೀಳುವುದನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಡಾಕ್ಟರು ಎಕ್ಸರೇ ನೋಡುತ್ತ ತಮಾಷೆ ಮಾಡಿದರು.

ಪಕ್ಕದ ಸ್ಟೂಲಿನಲ್ಲಿದ್ದ ಯಜಮಾನರು ನನ್ನನ್ನು ನೋಡಿ ನಕ್ಕರು. "ಹೊರಗೆ ಕೂತವನಿಗೆ ಆ ಪೆಟ್ಟಿನ ಶಬ್ದ ಕೇಳಿತು. ಎಲ್ಲಿಯೋ ಕೇಳಿದ ಹಾಗೆ ಉಂಟಲ್ಲ ಅಂತ ಆಗಿನಿಂದ ಯೋಚಿಸ್ತಾ ಇದ್ದೆ. ಈಗ ನೆನಪಾಯ್ತು. ನಾವು ಒಟ್ಟಿಗೆ ನೋಡಿದ ಮೊದಲ ಆಟ, ಆ ಜಪಾನಿನವಳು ಬೀಳ್ತಾ ಇದ್ದಳಲ್ಲ, ಹಗ್ಗ ಹಿಡಿದು ಯಾರನ್ನೋ ಕಾಯ್ತಾ ನಿಂತಿದ್ದಳಲ್ಲ, ನೆನಪುಂಟಾ ನಿಂಗೆ?"

ಐವತ್ತು ವರ್ಷದ ಮೇಲೆ ಯಾರೋ ಮತ್ತೆ ಹಗ್ಗ ಎತ್ತಿ ಹಿಡಿದ ಹಾಗಾಯಿತು. ಹತ್ತಿದರೆ ಆಗುತ್ತಿತ್ತು.

"ಯಾವ ಜಪಾನಿನವಳು?" ಎಂದೆ. "ನಂಗೆ ನೆನಪಿಲ್ಲಪ್ಪ."