ಮೇವಿನ ಬಂಡೆಯ ದಾರಿ

ಇಸಬೆಲ್ ಗಿಲ್ಮೋರ್ ಪುಕ್ಕಲಿ ಎಂದು ನಮ್ಮ ಹಳ್ಳದ ದಂಡೆಯ ಜನ ಅವಳ ಎದುರಿಗೇ ಹೇಳುತ್ತಿದ್ದರು. ಗುಡುಗಿದರೆ ಮಂಚದ ಕೆಳಗೆ ಸೇರುತ್ತಿದ್ದಳು, ನಾಯಿ ಬೊಗಳಿದರೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು. "ಹೌದ್ರಪ್ಪಾ, ಹೆದರ್ತೀನಿ. ಧೈರ್ಯ ಇದ್ದೋರೆಲ್ಲಾ ಎಲ್ಲಿದಾರೆ ಹೇಳಿ ನೋಡೋಣ?" ಎಂದು ಅವಳೂ ನಗುತ್ತಿದ್ದಳು. ಧೈರ್ಯವಂತರಲ್ಲಿ ಅರ್ಧ ಜನ ಆಗಲೇ ಸೈನ್ಯಕ್ಕೆ ಹೆದರಿ ನದಿಗುಂಟ ಕೆಳಕ್ಕೆ ಓಡಿಹೋಗಿದ್ದರು.

ಅಮೆರಿಕದ ಅಲೆಘೆನಿ ಬೆಟ್ಟಸಾಲಿನ ಪಶ್ಚಿಮಕ್ಕೆ ಕಾಡು ಕಡಿದು ನೆಲೆ ನಿಂತವರು ನಾವು. ಪೇಟೆ, ಕೋರ್ಟು, ಸರ್ಕಾರ ಎಲ್ಲ ಬೆಟ್ಟದ ಆಚೆಗೆ. ಬೆಳೆದ ರೈ ಧಾನ್ಯವನ್ನು ಹೊತ್ತು ಅಷ್ಟು ದೂರ ನಡೆದರೆ ಕುದುರೆಯೇ ದಾರಿಯಲ್ಲಿ ಅರ್ಧ ತಿಂದು ಮುಗಿಸುತ್ತದೆ. ಅದಕ್ಕೇ ಧಾನ್ಯವನ್ನು ಭಟ್ಟಿ ಇಳಿಸಿ ವಿಸ್ಕಿ ಮಾಡಿ, ಕುದುರೆಗೆ ಎರಡು ಪೀಪಾಯಿಯಂತೆ ಹೇರಿ ಆಚೆಗೆ ಸಾಗಿಸುತ್ತಿದ್ದೆವು, ಬರುವಾಗ ಉಪ್ಪು, ಕಬ್ಬಿಣ ತರುತ್ತಿದ್ದೆವು. ಸರ್ಕಾರ ಸುಂಕ ಹಾಕಿದ್ದು ಸರಿಯಾಗಿ ಆ ವಿಸ್ಕಿಯ ಮೇಲೇ. ಕೊಡದವನು ಕೊಯ್ಲು ಬಿಟ್ಟು, ಬೆಟ್ಟ ದಾಟಿ, ಆಚೆಯ ಕೋರ್ಟಿನಲ್ಲಿ ಕೈಕಟ್ಟಿ ನಿಲ್ಲಬೇಕಂತೆ. ಯಾವ ಪುಣ್ಯಾತ್ಮ ಈ ಕಾನೂನು ಬರೆದನೋ, ಅವನು ಬೆಟ್ಟ ನೋಡಿದವನಲ್ಲ.

1794ರ ಬೇಸಿಗೆಯಲ್ಲಿ ಜನ ತಿರುಗಿಬಿದ್ದರು. ಇಸಬೆಲ್‌ಳ ಗಂಡ ಆರ್ಚಿ ಹೇರು ಕುದುರೆ ಹೊಡೆಯುವವನು, ಜಗಳದ ಮನುಷ್ಯನಲ್ಲ. ಆದರೆ ದಂಗೆಯ ಮುಂದಾಳು ಹ್ಯೂ ಮೆಕ್‌ನಟ್ ಒಂದು ದಿನ ಅವರ ಬೇಲಿಯ ಹತ್ತಿರ ಬಂದು ನಿಂತ.

"ಆರ್ಚಿ, ನಾಳೆ ಕೂಟಕ್ಕೆ ಬರ್ತೀಯೋ, ಇಲ್ಲಾ ನಿನ್ನ ಕೊಟ್ಟಿಗೆ ಉರಿದು ಬೆಚ್ಚಗಾಗಲಿ ಅಂತೀಯೋ?"

"ಆಮೇಲೆ ಸೈನ್ಯ ಬಂದ್ರೆ?" ಎಂದು ಕೇಳಿದವಳು ಇಸಬೆಲ್.

"ಸೈನ್ಯಾನಾ? ಆ ಬೆಟ್ಟ ಹತ್ತಿ?" ಹ್ಯೂ ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ಅವರ ಬೂಟು ಮೊದಲನೇ ಕಣಿವೇಲೇ ಹೂತು ಹೋಗ್ತಾವೆ. ದೇವರೇ ನಮಗೆ ಗೋಡೆ ಕಟ್ಟಿಕೊಟ್ಟಿದಾನೆ, ನೀನ್ಯಾಕೆ ನಡುಗ್ತೀಯ?"

ಆರ್ಚಿ ಹೋದ. ಸುಂಕದ ಅಧಿಕಾರಿಯ ಮನೆ ಸುಟ್ಟ ದಿನ ಗುಂಪಿನ ಹಿಂದೆ ನಿಂತಿದ್ದ, ಅಷ್ಟೇ. ಅವನನ್ನು ನೋಡಿದವರು ಮಾತ್ರ ಬಹಳ ಜನ.

ಸೆಪ್ಟೆಂಬರಿನಲ್ಲಿ ಸರ್ಕಾರ ಒಂದು ದಿನ ಗೊತ್ತುಮಾಡಿತು. ಆ ದಿನ ಬಂದು ಕಾನೂನಿಗೆ ತಲೆಬಾಗುತ್ತೇನೆಂದು ಸಹಿ ಹಾಕಿದವರಿಗೆ ಕ್ಷಮೆ. ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ಹ್ಯೂ. ಆರ್ಚಿ ಆಗ ಉಪ್ಪು ತರಲು ಬೆಟ್ಟದ ಆಚೆಗೆ ಹೋಗಿದ್ದ, ಸುದ್ದಿ ಅವನನ್ನು ಮುಟ್ಟುವಷ್ಟರಲ್ಲಿ ದಿನ ಕಳೆದಿತ್ತು. ಶರತ್ಕಾಲದ ಕೊನೆಗೆ, ಬರುವುದೇ ಇಲ್ಲ ಅಂದುಕೊಂಡಿದ್ದ ಸೈನ್ಯ ಬಂತು, ಸಾವಿರಾರು ಜನ. ಗೋಡೆಗೆ ಬಾಗಿಲು ಇಟ್ಟವರು ನಾವೇ ಎಂಬುದು ನಮಗೆ ಆವತ್ತು ಹೊಳೆಯಿತು. ಇಪ್ಪತ್ತು ವರ್ಷ ಕುದುರೆ ಹೊಡೆದು ಹೊಡೆದು ದಾರಿ ಸವೆಸಿದ್ದೆವಲ್ಲ!

ಪಟ್ಟಿ ಹಿಡಿದು ಮನೆ ಮನೆ ಹೊಕ್ಕು ಗಂಡಸರನ್ನು ಎಳೆದೊಯ್ಯುವುದು ಶುರುವಾದಾಗ ಆರ್ಚಿ ಬೆಟ್ಟ ಸೇರಿದ. ಹೇರಿನವರಲ್ಲಿ ಒಂದು ಪದ್ಧತಿ ಇತ್ತು. ಹೋಗುವಾಗ ಒಂದೆರಡು ಚೀಲ ಜೋಳವನ್ನು ದಾರಿಯ ಬಂಡೆಯಡಿ ತೂಗುಹಾಕಿ ಹೋಗುವುದು, ಬರುವಾಗ ಅದನ್ನು ಕುದುರೆಗೆ ತಿನ್ನಿಸುವುದು. ಅಂಥ ಒಂದು ಮೇವಿನ ಬಂಡೆಯ ಪಕ್ಕದ ಪೊದೆಯಲ್ಲಿ ಅವನು ಅಡಗಿದ. ತಿನ್ನಲು ಜೋಳವಿದೆ, ಜಾಗ ಹೊರಗಿನವರಿಗೆ ಗೊತ್ತಿಲ್ಲ ಎಂದು ಲೆಕ್ಕ ಹಾಕಿದ್ದ.

ನಾಲ್ಕು ದಿನಕ್ಕೊಮ್ಮೆ ಇಸಬೆಲ್ ಹೇರು ಸಾಲಿನ ಮುಂದೆ ನಡೆಯುವ ಕುದುರೆ ಜೆಸ್‌ಳನ್ನು ಹೊಡೆದುಕೊಂಡು ರೊಟ್ಟಿ ಒಯ್ಯುತ್ತಿದ್ದಳು. ಜೆಸ್‌ಳ ಕೊರಳ ಗಂಟೆಗೆ ಹಗಲು ಸದ್ದಾಗದಂತೆ ಹುಲ್ಲು ತುರುಕಿರುತ್ತಾರೆ, ರಾತ್ರಿ ಮೇಯಲು ಬಿಟ್ಟಾಗ ಎಲ್ಲಿದೆಯೆಂದು ತಿಳಿಯಲು ಅದನ್ನು ಕೀಳುತ್ತಾರೆ. ಬಂಡೆಯ ಹತ್ತಿರ ಅವಳು ಆ ಹುಲ್ಲು ಕಿತ್ತರೆ ಗಂಟೆ ಸದ್ದು ಮಾಡುತ್ತದೆ, ಆಗ ಅವನು ಹೊರಗೆ ಬರಬೇಕು.

"ಹೆಸರು ಹಿಡಿದು ಮಾತ್ರ ಕೂಗಬೇಡ ಕಣೇ" ಎಂದಿದ್ದ ಆರ್ಚಿ. "ಬೆಟ್ಟ ಅದನ್ನ ಮೂರು ಸಲ ವಾಪಸ್ ಹೇಳುತ್ತೆ."

ಎರಡು ಸಲ ಹೋಗಿ ಬಂದಳು. ದಾರಿಯುದ್ದಕ್ಕೂ ಒಣಗಿದ ಎಲೆ ಸದ್ದಾದರೂ ಅವಳ ಎದೆ ಹಾರುತ್ತಿತ್ತು.

ಮೂರನೆಯ ಸಲ ಹೊರಡುವ ಮುಂಚೆ ಹತ್ತು ಹನ್ನೆರಡು ಸಿಪಾಯಿಗಳು ಅಂಗಳಕ್ಕೆ ಬಂದರು. ಸೈನ್ಯ ಮರಳಿ ಹೊರಟಿತ್ತು. ಗಾಡಿಗಳು ಓಡಾಡಿ ದೊಡ್ಡ ರಸ್ತೆ ಕೆಸರು ಗದ್ದೆಯಾಗಿತ್ತು. ಹೇರಿನವರ ಕಾಲುದಾರಿ ಹಿಡಿಯಬೇಕು, ದಾರಿ ಗೊತ್ತಿರುವ ಕುದುರೆ ಬೇಕು ಎಂದರು. ಜಮೇದಾರನೊಬ್ಬ ಜೆಸ್‌ಳ ಲಗಾಮು ಹಿಡಿದ.

"ಗಂಟೆ ಕುದುರೆ ಇದು. ಮುಂದೆ ಬಿಟ್ರೆ ಸಾಕು, ತಾನೇ ಕರ್ಕೊಂಡು ಹೋಗುತ್ತೆ. ಅಲ್ವೇನಮ್ಮಾ?"

 ಜೆಸ್ ಎಲ್ಲಿಗೆ ಹೋಗುತ್ತಾಳೆಂದು ಇಸಬೆಲ್‌ಳಿಗೆ ಗೊತ್ತು. ಸಂಜೆಯಾದರೆ ಮೇವಿನ ಬಂಡೆಗೇ ಹೋಗಿ ನಿಲ್ಲುತ್ತಾಳೆ. ಕುದುರೆಗಳನ್ನು ಮೇಯಲು ಬಿಡುವಾಗ ಸಿಪಾಯಿಗಳು ಗಂಟೆಯ ಹುಲ್ಲು ಕೀಳುತ್ತಾರೆ. ಗಂಟೆ ಕೇಳಿ ಆರ್ಚಿ ರೊಟ್ಟಿಗೆಂದು ನಗುತ್ತಾ ಹೊರಗೆ ಬರುತ್ತಾನೆ.

"ಒಂದು ಗಳಿಗೆ ತಡೀರಿ ಸ್ವಾಮಿ, ಗಂಟೆಗೆ ಹುಲ್ಲು ತುರುಕ್ತೀನಿ" ಎಂದಳು. "ಇಲ್ದಿದ್ರೆ ದಾರಿ ತುಂಬಾ ಬಡ್ಕೊಂಡು ತಲೆ ಚಿಟ್ಟು ಹಿಡಿಸುತ್ತೆ."

"ಕೈ ನೋಡ್ರೋ ಹೆಂಗೆ ನಡುಗ್ತಿದೆ. ನಾವೇನು ನಿನ್ನ ತಿಂತೀವಾ ತಾಯಿ?" ಎಂದು ಜಮೇದಾರ ನಕ್ಕ. ಉಳಿದವರೂ ನಕ್ಕರು.

ನಡುಗುವ ಬೆರಳಿನಲ್ಲೇ ಅವಳು ಗಂಟೆಯ ಒಳಗಿನ ತೊಗಲಿನ ಗಂಟು ಬಿಚ್ಚಿ, ಕಬ್ಬಿಣದ ನಾಲಗೆಯನ್ನು ಅಂಗೈಯಲ್ಲಿ ಅಡಗಿಸಿಕೊಂಡು, ಹುಲ್ಲು ತುರುಕಿ ದೂರ ಸರಿದಳು. ಸಾಲು ಬೆಟ್ಟದ ಕಡೆ ಹೊರಟಿತು. ಅವಳು ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿದಳು.

ಎರಡು ದಿನ ಹಿಮ ಬಿತ್ತು. ಗುಂಡಿನ ಸದ್ದು ಬಂತೇನೋ ಎಂದು ಅವಳು ಮತ್ತೆ ಮತ್ತೆ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು, ಒಂದು ಕಬ್ಬಿಣದ ಬೋಗುಣಿ ಹಿಡಿದು ಒಬ್ಬಳೇ ಬೆಟ್ಟ ಹತ್ತಿದಳು. ತೋಳದ ಹೆಜ್ಜೆ ಕಂಡು ಎರಡು ಸಲ ತಿರುಗಿ ನಿಂತಳು, ಎರಡು ಸಲವೂ ಮುಂದಕ್ಕೇ ನಡೆದಳು.

ಬಂಡೆಯಡಿ ಬೂದಿ ಇತ್ತು. ಜೋಳದ ಚೀಲಗಳು ಖಾಲಿಯಾಗಿ ಬಿದ್ದಿದ್ದವು. ರಕ್ತ ಇದೆಯೇ ಎಂದು ಹಿಮವನ್ನು ಕೈಯಿಂದ ಬಳಿದು ನೋಡಿದಳು, ಇರಲಿಲ್ಲ. ಗಂಟೆಯ ನಾಲಗೆಯಿಂದ ಬೋಗುಣಿ ಬಾರಿಸಿದಳು. ಪೊದೆ ಅಲುಗಲಿಲ್ಲ. ಇನ್ನೂ ಜೋರಾಗಿ, ಕೈ ಸೋಲುವವರೆಗೆ ಬಾರಿಸಿದಳು. ಹಿಡಿದಿರಬೇಕು, ಇಲ್ಲವೇ ಚಳಿಗೆ ಸತ್ತಿರಬೇಕು ಎನಿಸಿ, ಯಾರು ಕೇಳಿದರೂ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗಿದಳು.

"ಆರ್ಚಿ! ಆರ್ಚಿ ಗಿಲ್ಮೋರ್!"

ಬೆಟ್ಟ ಮೂರು ಸಲ ಹೇಳಿತು. ಬಹಳ ಹೊತ್ತಿನ ಮೇಲೆ ಪೊದೆಯೊಳಗಿನಿಂದ ಆರ್ಚಿ ಎದ್ದು ಬಂದ. ತುಟಿ ನೀಲಿಗಟ್ಟಿತ್ತು, ಕೈಯಲ್ಲಿ ಚಾಕು ಇತ್ತು. ಅವನ ಕಣ್ಣು ಅವಳ ಬೆನ್ನ ಹಿಂದಿನ ಮರಗಳ ಮೇಲಿತ್ತು.

"ಎಷ್ಟು ಜನ ಇದಾರೆ?"

"ಯಾರು?"

"ನಿನ್ನ ಹಿಂದೆ."

ಇಸಬೆಲ್ ತಿರುಗಿ ನೋಡಿದಳು, ಹಿಂದೆ ಮರಗಳಷ್ಟೇ ಇದ್ದವು.

"ಜೆಸ್ ಸಿಪಾಯಿಗಳನ್ನ ಸೀದಾ ಇಲ್ಲಿಗೇ ಕರ್ಕೊಂಡು ಬಂದ್ಲು" ಎಂದ ಆರ್ಚಿ. "ರಾತ್ರಿಯೆಲ್ಲಾ ಹತ್ತು ಹೆಜ್ಜೆ ದೂರದಲ್ಲಿ ಮಲಗಿದ್ರು. ನಾನಿಲ್ಲಿರೋದು ನಿನಗೊಬ್ಬಳಿಗೇ ಗೊತ್ತಿತ್ತು. ಹೊಡೆದಿರ್ತಾರೆ, ಪಾಪ, ಬಾಯಿ ಬಿಟ್ಟಿರ್ತಾಳೆ ಅಂದ್ಕೊಂಡೆ. ನೀನು ಮೊದಲೇ ಹೆದರೋಳು."

ಇಸಬೆಲ್ ಮುಷ್ಟಿ ಬಿಚ್ಚಿ ಗಂಟೆಯ ನಾಲಗೆ ತೋರಿಸಿದಳು. ಕಬ್ಬಿಣದ ತುಂಡಿನ ಗುರುತು ಅಂಗೈಯಲ್ಲಿ ಕೆಂಪಗೆ ಕೂತಿತ್ತು. ಆರ್ಚಿ ಅದನ್ನು ನೋಡಿದ, ಚಾಕು ಕೆಳಗೆ ಹಾಕಿದ, ಹಿಮದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮರುವರ್ಷ ಎಲ್ಲರಿಗೂ ಕ್ಷಮೆ ಸಿಕ್ಕಿತು. ಜೆಸ್ ಮಾತ್ರ ತಿರುಗಿ ಬರಲಿಲ್ಲ. ಗಂಡ ಹೆಂಡತಿ ಇನ್ನೂ ಇಪ್ಪತ್ತೇಳು ವರ್ಷ ಒಟ್ಟಿಗೆ ಬಾಳಿದರು. ತಪ್ಪಾಯಿತೆಂದು ಅವನು ಎಷ್ಟೋ ಸಲ ಹೇಳಿದ, ಅವಳೂ ಮನಸಾರೆ ಕ್ಷಮಿಸಿದ್ದಳು. ಆದರೂ ಅವಳು ಹೊರಗಿನಿಂದ ಮನೆಗೆ ಬಂದಾಗಲೆಲ್ಲ ಆರ್ಚಿ ಮೊದಲು ಅವಳ ಬೆನ್ನ ಹಿಂದೆ ನೋಡುತ್ತಿದ್ದ, ಆಮೇಲೆ ಅವಳ ಮುಖ ನೋಡುತ್ತಿದ್ದ.